ಬಾಡಿಗೆ ಮನೆಯ ನೆಮ್ಮದಿ: ಮನಸ್ಸು ಯಾವುದಕ್ಕೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ

ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಹಾಲ್‌ನಲ್ಲಿ ಹಗಲು ಹೊತ್ತಿನಲ್ಲೂ ಲೈಟ್ ಉರಿಯಬೇಕು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೋರ್‌ವೆಲ್ ನೀರು ಗಡಸು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಪೊರೆ. ಗೇಟಿನ ಬೋರ್ಡಿನಲ್ಲಿ ‘ಟೂ ಬಿಎಚ್‌ಕೆ’ ಎಂದು ಬರೆದಿತ್ತು ನಿಜ, ಆದರೆ ಎರಡನೇ ಬೆಡ್‌ರೂಮಿಗೆ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮಾಲೀಕರು ಕೆಳಗಡೆಯೇ ಇದ್ದಾರೆ. ರಾತ್ರಿ ಹತ್ತಾದರೆ ಗೇಟಿಗೆ ಬೀಗ. ಬೆಂಗಳೂರಿನಲ್ಲಿ ಬಾಡಿಗೆಗಿರುವ ಬಹಳ ಜನರಿಗೆ ಇದರಲ್ಲಿ ತಮ್ಮ ಮನೆಯ ಒಂದು ಮೂಲೆಯಾದರೂ ಕಂಡೀತು.

ಇಂಥ ಮನೆಯ ಬಗ್ಗೆ ಗೊಣಗಿದಿರೋ, ಎರಡು ಕಡೆಯಿಂದ ಉಪದೇಶ ಬರುತ್ತದೆ. ಊರಿನಿಂದ ಅಮ್ಮ ಫೋನಿನಲ್ಲಿ, “ಹೊಂದಿಕೊಂಡು ಹೋಗಪ್ಪ, ಎಷ್ಟೋ ಜನಕ್ಕೆ ಅಷ್ಟೂ ಇರಲ್ಲ” ಅನ್ನುತ್ತಾರೆ. ಮೊಬೈಲಿನ ರೀಲ್ಸಿನಲ್ಲಿ ಒಬ್ಬರು, ಮುಂಜಾನೆ ಎದ್ದು ಮನೆಗೆ ಥ್ಯಾಂಕ್ಸ್ ಹೇಳಿ, ಎರಡು ಮನಿಪ್ಲಾಂಟ್ ಇಡಿ, ಪಾಸಿಟಿವ್ ಆಗಿರಿ ಅನ್ನುತ್ತಾರೆ. ಮಾತಿನ ಧಾಟಿ ಬೇರೆಯಾದರೂ ಸಾರ ಒಂದೇ: ಮನೆ ಬದಲಿಸಲು ಆಗದಿದ್ದರೆ ಮನೆಯನ್ನು ನೋಡುವ ಕಣ್ಣನ್ನು ಬದಲಿಸು.

ಈ ಉಪದೇಶವನ್ನು ನಗೆಯಾಡಿ ತಳ್ಳಿಹಾಕುವವರಿದ್ದಾರೆ, ವೇದವಾಕ್ಯ ಅನ್ನುವವರೂ ಇದ್ದಾರೆ. ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಐವತ್ತು ವರ್ಷಗಳಿಂದ ಇದನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಅವರು ಕಂಡುಕೊಂಡದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಉಪದೇಶ ಅರ್ಧ ನಿಜ ಎನಿಸುತ್ತದೆ. ಯಾವ ಅರ್ಧ ಎಂಬುದು ಗೊತ್ತಿಲ್ಲದೆ ಅದನ್ನು ಪಾಲಿಸಿದರೆ ಒಳ್ಳೆಯದಾಗುವ ಬದಲು ಕೆಟ್ಟದ್ದೂ ಆಗಬಹುದು.

ಮನಸ್ಸು ಮರೆತುಬಿಡುವ ಸಂಗತಿಗಳು

ಮೊದಲು ನಿಜವಾದ ಅರ್ಧ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಮುಗಿಯುತ್ತಿದ್ದಂತೆ ವಿದ್ಯಾರ್ಥಿಗಳನ್ನು 12 ವಸತಿಗೃಹಗಳಿಗೆ ಲಾಟರಿ ಎತ್ತಿ ಹಂಚುತ್ತಾರೆ. ಮುಂದಿನ ಮೂರು ವರ್ಷ ಅಲ್ಲೇ ವಾಸ. ಕೆಲವು ಗೃಹಗಳು ನದಿಯ ದಡದಲ್ಲಿವೆ, ನೋಡಲು ಚೆಂದ, ತರಗತಿಗೂ ಹತ್ತಿರ. ಕೆಲವು ದೂರ, ಕಟ್ಟಡವೂ ನೀರಸ. ಹಂಚಿಕೆಯ ದಿನ ಕುಣಿದಾಡುವವರು ಒಂದು ಕಡೆ, ಕಣ್ಣೀರಿಡುವವರು ಇನ್ನೊಂದು ಕಡೆ. ಎಲಿಜಬೆತ್ ಡನ್, ತಿಮೊಥಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಮೊದಲೇ ಕೇಳಿಟ್ಟುಕೊಂಡರು: ಇಂಥ ಗೃಹ ಸಿಕ್ಕರೆ ಒಂದು ವರ್ಷದ ನಂತರ ನೀವು ಎಷ್ಟು ಸಂತೋಷವಾಗಿರುತ್ತೀರಿ? ಒಳ್ಳೆಯ ಗೃಹ ಸಿಕ್ಕರೆ ಬಹಳ ಸಂತೋಷ, ಕೆಟ್ಟದ್ದು ಸಿಕ್ಕರೆ ಬಹಳ ದುಃಖ ಎಂಬುದು ಅವರ ಅಂದಾಜು. ವರ್ಷ ಕಳೆದ ಮೇಲೆ ಹೋಗಿ ಕೇಳಿದಾಗ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. 2003ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಮುಖ್ಯವಾಗಿ ಕಾಣುವುದು ಲಾಟರಿಯ ಕಾರಣಕ್ಕೆ. ಸಂತೋಷದ ಸ್ವಭಾವದವರೇ ಒಳ್ಳೆಯ ಮನೆ ಆರಿಸಿಕೊಂಡರು ಎಂಬ ಸಂಶಯಕ್ಕೆ ಇಲ್ಲಿ ಜಾಗವಿಲ್ಲ.

ಅಂದಾಜು ತಪ್ಪಿದ್ದೇಕೆ? ವಿದ್ಯಾರ್ಥಿಗಳು ಗೃಹಗೃಹಕ್ಕೂ ಬೇರೆಯಾಗುವ ಸಂಗತಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು: ಕಟ್ಟಡ, ಕೋಣೆಯ ಅಳತೆ, ಇರುವ ಜಾಗ. ಎಲ್ಲ ಗೃಹಗಳಲ್ಲೂ ಒಂದೇ ತೆರನಾಗಿದ್ದ ಗೆಳೆತನ, ರಾತ್ರಿಯ ಹರಟೆ, ಒಟ್ಟಿಗೆ ಮಾಡುವ ಊಟ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ದಿನದಿನದ ಸಂತೋಷವನ್ನು ನಿರ್ಧರಿಸಿದ್ದು ಅವೇ.

ಇದಕ್ಕೂ ಮುಂಚೆ, 1998ರಲ್ಲಿ, ಡೇವಿಡ್ ಷ್ಕೇಡ್ ಮತ್ತು ಡೇನಿಯಲ್ ಕಾಹ್ನೆಮನ್ ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿದ್ದರು. ಬಿಸಿಲು, ಕಡಲು ಇರುವ ಕ್ಯಾಲಿಫೋರ್ನಿಯಾದವರು ಹಿಮ ಸುರಿಯುವ ಮಧ್ಯಪಶ್ಚಿಮ ರಾಜ್ಯಗಳವರಿಗಿಂತ ಸುಖಿಗಳೇ? ಎರಡೂ ಕಡೆಯ ವಿದ್ಯಾರ್ಥಿಗಳು ‘ಹೌದು, ಕ್ಯಾಲಿಫೋರ್ನಿಯಾದವರೇ ಸುಖಿಗಳು’ ಎಂದು ಊಹಿಸಿದರು. ತಮ್ಮ ತಮ್ಮ ಬದುಕಿನ ತೃಪ್ತಿಗೆ ಅಂಕ ಕೊಡಿ ಎಂದಾಗ ಎರಡೂ ಕಡೆಯ ಅಂಕ ಹೆಚ್ಚುಕಡಿಮೆ ಒಂದೇ ಬಂತು. ಯಾವುದೋ ಒಂದು ಸಂಗತಿಯ ಮೇಲೆ ಗಮನ ನೆಟ್ಟಾಗ ಅದು ಇಡೀ ಬದುಕಿಗಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ಕಾಹ್ನೆಮನ್ ಕೊಟ್ಟ ವಿವರಣೆ. ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಳ್ಳಿಯ ಅಜ್ಜಿಯರು ಹೇಳಿದ್ದಕ್ಕೆ ಯಾರೂ ಏನೂ ಕೊಟ್ಟಂತಿಲ್ಲ.

ನಮ್ಮ ಮನೆಗೆ ಇದನ್ನು ಹೊಂದಿಸಿ ನೋಡೋಣ. ಎರಡನೇ ಬೆಡ್‌ರೂಮ್ ಚಿಕ್ಕದು ಎಂಬ ಬೇಸರ ಮನೆ ನೋಡಲು ಹೋದ ದಿನ, ಸಾಮಾನು ಇಳಿಸಿದ ವಾರ, ನೆಂಟರು ಬಂದ ದಿನ ಜೋರಾಗಿ ಚುಚ್ಚುತ್ತದೆ. ಉಳಿದ ದಿನಗಳಲ್ಲಿ ನಾವು ಕೋಣೆಯ ಅಳತೆಯನ್ನು ಬದುಕುತ್ತಿರುವುದಿಲ್ಲ. ಅನ್ನಕ್ಕಿಡುತ್ತಿರುತ್ತೇವೆ, ಮಗುವಿನ ಹೋಮ್‌ವರ್ಕ್ ನೋಡುತ್ತಿರುತ್ತೇವೆ, ಫೋನ್ ಚಾರ್ಜರ್ ಹುಡುಕುತ್ತಿರುತ್ತೇವೆ. ಮೊಸಾಯಿಕ್ ನೆಲವೋ ವಿಟ್ರಿಫೈಡ್ ಟೈಲ್ಸೋ, ಕಬೋರ್ಡಿಗೆ ಬಾಗಿಲಿದೆಯೋ ಇಲ್ಲವೋ, ಏರಿಯಾದ ಹೆಸರು ಹೇಳಿದರೆ ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೋ ಇಲ್ಲವೋ, ಇವೆಲ್ಲ ಕೆಲವು ತಿಂಗಳಲ್ಲಿ ಕಣ್ಣಿನಿಂದ ಜಾರಿಬಿಡುತ್ತವೆ. ಇದಕ್ಕೆ ಧ್ಯಾನವೂ ಬೇಡ, ಪಾಸಿಟಿವ್ ಚಿಂತನೆಯೂ ಬೇಡ. ಮನಸ್ಸು ತಾನಾಗಿಯೇ ಆ ಕೆಲಸ ಮಾಡುತ್ತದೆ.

ಆದರೆ ಅದು ಒಳ್ಳೆಯದನ್ನೂ ಅಷ್ಟೇ ನಿರ್ದಾಕ್ಷಿಣ್ಯವಾಗಿ ಮರೆಸುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಟೆಕೊ ಎಂಬ ಸಂಸ್ಥೆ ಕೊಳೆಗೇರಿಯ ಗುಡಿಸಲುಗಳ ಜಾಗದಲ್ಲಿ ಪುಟ್ಟ ಮರದ ಮನೆಗಳನ್ನು ಕಟ್ಟಿಕೊಡುತ್ತದೆ. ಹೊಸ ಮನೆ ಸಿಕ್ಕವರ ತೃಪ್ತಿ ಚೆನ್ನಾಗಿಯೇ ಏರಿತು. ಸೆಬಾಸ್ಟಿಯನ್ ಗಾಲಿಯಾನಿ ಮತ್ತು ಸಂಗಡಿಗರು ಬೆನ್ನು ಹತ್ತಿ ನೋಡಿದಾಗ, ಸರಾಸರಿ ಎಂಟು ತಿಂಗಳು ಕಳೆಯುವಷ್ಟರಲ್ಲಿ ಆ ಏರಿಕೆಯ ಸುಮಾರು 60% ಇಳಿದುಹೋಗಿತ್ತು. ಮನೆ ಹಾಗೆಯೇ ಇತ್ತು. ಅದು ಹೊಸದು ಎಂಬ ಭಾವ ಹೋಗಿತ್ತು. ಮನೆ ಕಟ್ಟಿ ನೋಡು ಎಂಬ ಸವಾಲನ್ನು ಗೆದ್ದು ಇಎಂಐ ಕಟ್ಟುತ್ತಿರುವವರು ಗೃಹಪ್ರವೇಶದ ಮರುವರ್ಷವೇ ಪಕ್ಕದ ಲೇಔಟಿನ ವಿಲ್ಲಾ ನೋಡಿ ನಿಟ್ಟುಸಿರು ಬಿಡುವುದು ಇದೇ ಕಾರಣಕ್ಕೆ.

ಮನಸ್ಸು ಒಗ್ಗದ ಸಂಗತಿಗಳು

ಈಗ ಸುಳ್ಳಾದ ಅರ್ಧಕ್ಕೆ ಬರೋಣ. ‘ಸ್ವಲ್ಪ ದಿನ, ಆಮೇಲೆ ಅಭ್ಯಾಸವಾಗುತ್ತೆ’ ಎಂಬ ಮಾತು ಎಲ್ಲದಕ್ಕೂ ಅನ್ವಯಿಸುವುದಿಲ್ಲ. ಕೋಣೆಯ ಅಳತೆಯಂತೆ ಸ್ಥಿರವಾಗಿ ಒಂದೇ ಬಗೆಯಲ್ಲಿ ಇರುವುದನ್ನು ಮನಸ್ಸು ಮರೆಯುತ್ತದೆ. ದಿನವೂ ಹೊಸದಾಗಿ, ಹೇಳದೆ ಕೇಳದೆ ಬಂದು ಎಳೆದಾಡುವುದನ್ನು ಮರೆಯುವುದು ಕಷ್ಟ. ಸದ್ದು ಇದರಲ್ಲಿ ಮೊದಲನೆಯದು.

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಒಂದು ಸರ್ಕಾರಿ ಶಾಲೆಯ ಪಕ್ಕದಲ್ಲೇ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. ಕಟ್ಟಡದ ಒಂದು ಬದಿಯ ತರಗತಿಗಳಿಗೆ ರೈಲಿನ ಅಬ್ಬರ, ಇನ್ನೊಂದು ಬದಿಗೆ ಅಷ್ಟಿಲ್ಲ. ಮಕ್ಕಳು ಅದೇ ಬಡಾವಣೆಯವರು, ಶಾಲೆಯೂ ಒಂದೇ. ಅರ್ಲೀನ್ ಬ್ರಾನ್‌ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸದ್ದಿನ ಬದಿಯ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದರು. ಆರನೇ ತರಗತಿಯ ಹೊತ್ತಿಗೆ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು. ಆಮೇಲೆ ರೈಲು ಇಲಾಖೆ ಹಳಿಗಳಿಗೆ ರಬ್ಬರ್ ಮೆತ್ತೆ ಹಾಕಿತು, ಶಿಕ್ಷಣ ಮಂಡಳಿ ತರಗತಿಗಳಿಗೆ ಸದ್ದು ಹೀರುವ ಛಾವಣಿ ಹಾಕಿಸಿತು. ಮತ್ತೆ ಅಳೆದು ನೋಡಿದರೆ ಎರಡೂ ಬದಿಯ ಮಕ್ಕಳ ಓದು ಸಮನಾಗಿತ್ತು. ರೈಲಿನ ಸದ್ದನ್ನು ಸಂಗೀತವೆಂದು ಭಾವಿಸಿ ಎಂದು ಆ ಮಕ್ಕಳಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ಏನಾಗುತ್ತಿತ್ತೋ! ಬೇಕಾಗಿದ್ದದ್ದು ರಬ್ಬರ್.

ಆದ್ದರಿಂದ ರಾತ್ರಿ ಎರಡಕ್ಕೆ ಬೋರ್ ಕೊರೆಯುವ ಸದ್ದು, ಕೆಳಗಿನ ವರ್ಕ್‌ಶಾಪಿನ ಗ್ರೈಂಡರ್, ಕಲ್ಯಾಣಮಂಟಪದ ಸ್ಪೀಕರ್ ಇವುಗಳನ್ನು ‘ನನ್ನ ಮನಸ್ಸೇ ಸೂಕ್ಷ್ಮ’ ಎಂದು ತಮ್ಮ ತಲೆಗೆ ಕಟ್ಟಿಕೊಳ್ಳುವುದು ಅನ್ಯಾಯ. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಇದೆ. ಮಿತಿ ಕಾಗದದಲ್ಲಿದೆ ಎಂಬುದು ಗೊತ್ತಿರುವ ವಿಷಯವೇ. ಆದರೂ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡುವವನು ತಂಟೆಕೋರನಲ್ಲ, ನಿಯಮ ಅವನ ಪರವಾಗಿದೆ.

ಎರಡನೆಯದು ಓಡಾಟ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಜರ್ಮನಿಯ ಕುಟುಂಬ ಸಮೀಕ್ಷೆಯ ಹಲವು ವರ್ಷಗಳ ಮಾಹಿತಿ ಹಿಡಿದು ನೋಡಿದರು. ದೂರದಲ್ಲಿ ಮನೆ ಮಾಡುವವರು ಕಡಿಮೆ ಬಾಡಿಗೆಯೋ ಹೆಚ್ಚಿನ ಸಂಬಳವೋ ಸಿಕ್ಕಿದ್ದರಿಂದಲೇ ಆ ದೂರವನ್ನು ಒಪ್ಪಿರುತ್ತಾರೆ, ಹಾಗಾಗಿ ಒಟ್ಟಾರೆ ತೃಪ್ತಿ ಸಮನಾಗಿರಬೇಕು ಎಂದು ಅರ್ಥಶಾಸ್ತ್ರದ ಪಠ್ಯ ಹೇಳುತ್ತದೆ. ಹಾಗಿರಲಿಲ್ಲ. ಓಡಾಟ ಉದ್ದವಾದಷ್ಟೂ ತೃಪ್ತಿ ಕಡಿಮೆ. ಉಳಿದ ಬಾಡಿಗೆಯಾಗಲಿ ದೊಡ್ಡ ಹಾಲ್ ಆಗಲಿ ಅದನ್ನು ತುಂಬಿಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ ಬೇಕು ಎಂದು ನಗರಗಳ ಸಂಚಾರ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕ ಹೇಳಿತ್ತು. ಅದು ಸರಾಸರಿ. ಸೋಮವಾರ ಬೆಳಗ್ಗೆ ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರು ಅದನ್ನು ಓದಿ ಕಹಿನಗೆ ನಕ್ಕಾರು. ಹೊರವಲಯದಲ್ಲಿ ಒಂದು ಕೋಣೆ ಹೆಚ್ಚು ಸಿಗುತ್ತದೆ ಎಂದು ದಿನಕ್ಕೆ ಎರಡು ಗಂಟೆ ರಸ್ತೆಗೆ ಕೊಡುವ ಲೆಕ್ಕಾಚಾರದಲ್ಲಿ, ಮನಸ್ಸು ಮರೆಯುವ ಕೋಣೆಗಾಗಿ ಮನಸ್ಸು ಮರೆಯದ ರಸ್ತೆಯನ್ನು ಕೊಂಡಂತಾಗುತ್ತದೆ.

ಮೂರನೆಯದು ದೇಹಕ್ಕೆ ತಟ್ಟುವ ಕೊರತೆಗಳು. ಮೆಕ್ಸಿಕೋದ ಕೊವಾವಿಲಾ ರಾಜ್ಯದಲ್ಲಿ ಸರ್ಕಾರ ಬಡವರ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಸಿಕೊಟ್ಟಿತು. ಗಡಿಯಾಚೆಯ ನೆರೆ ರಾಜ್ಯದಲ್ಲಿ ಆ ಯೋಜನೆ ಇರಲಿಲ್ಲ, ಹಾಗಾಗಿ ಎರಡನ್ನೂ ಹೋಲಿಸಲು ಸಾಧ್ಯವಾಯಿತು. 2009ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಮಣ್ಣಿನ ನೆಲ ಪೂರ್ತಿ ಸಿಮೆಂಟ್ ಆದ ಮನೆಗಳಲ್ಲಿ ಮಕ್ಕಳ ಹೊಟ್ಟೆಹುಳದ ಬಾಧೆ 78% ಇಳಿಯಿತು, ತಾಯಂದಿರ ಖಿನ್ನತೆ ಮತ್ತು ಒತ್ತಡವೂ ಇಳಿಯಿತು. ಗೋಡೆಯ ತೇವ, ಬೂಷ್ಟು, ಸೋರುವ ಛಾವಣಿ, ಬೇಸಿಗೆಯಲ್ಲಿ ಕಾದ ಬಾಣಲೆಯಾಗುವ ಶೀಟಿನ ಮನೆ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಮಗುವಿಗೆ ಉಬ್ಬಸ ಇರುವಾಗ ಬೂಷ್ಟು ಹಿಡಿದ ಗೋಡೆಯಲ್ಲಿ ಸೌಂದರ್ಯ ಕಾಣಲು ಹೊರಡುವುದು ತಪ್ಪು ದಾರಿ.

ಇನ್ನೊಂದನ್ನೂ ಇಲ್ಲೇ ಹೇಳಬೇಕು: ಯಾವಾಗ ಖಾಲಿ ಮಾಡಿಸುತ್ತಾರೋ ಎಂಬ ಆತಂಕ. ಹನ್ನೊಂದು ತಿಂಗಳ ಕರಾರು, ಮುಗಿದಾಗಲೆಲ್ಲ ಬಾಡಿಗೆ ಏರಿಕೆ, ‘ಮಗ ಫಾರಿನ್‌ನಿಂದ ಬರ್ತಿದಾನೆ’ ಎಂಬ ದಿಢೀರ್ ಸುದ್ದಿ, ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್ ಹೆಸರಿನಲ್ಲಿ ಕಡಿತ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಪದ್ಧತಿ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿತು; ಮಾದರಿ ಕಾಯ್ದೆ ಎಂದರೆ ರಾಜ್ಯಗಳು ಒಪ್ಪಿಕೊಂಡಲ್ಲಿ ಮಾತ್ರ ಕಾಯ್ದೆ. ನೆಲೆ ಅಲುಗಾಡುತ್ತಿದ್ದರೆ ಮನಸ್ಸು ಬೇರೂರಲು ಹಿಂಜರಿಯುತ್ತದೆ. ಹೇಗೂ ಬಿಟ್ಟುಹೋಗುವ ಮನೆ ಎಂದುಕೊಂಡು ವರ್ಷಗಟ್ಟಲೆ ಪೆಟ್ಟಿಗೆ ಬಿಚ್ಚದೆ ಬದುಕುವವರಿದ್ದಾರೆ.

ಕೈಯಲ್ಲಿ ಒಂದು ಬಟನ್

1970ರ ದಶಕದ ಆರಂಭದಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ನಡೆಸಿದ ಪ್ರಯೋಗಗಳು ಈ ವಿಷಯದಲ್ಲಿ ಬಹಳ ಹೇಳುತ್ತವೆ. ಜನರನ್ನು ಕೂರಿಸಿ, ಕರ್ಕಶ ಸದ್ದು ಕೇಳಿಸುತ್ತಾ ಕೆಲಸ ಕೊಟ್ಟರು. ಒಂದು ಗುಂಪಿನ ಕೈಗೆ ಒಂದು ಬಟನ್ ಕೊಟ್ಟು, ತೀರಾ ತಡೆಯದಾದರೆ ಒತ್ತಿ, ಸದ್ದು ನಿಲ್ಲುತ್ತದೆ, ಆದಷ್ಟು ಒತ್ತದಿದ್ದರೆ ಒಳ್ಳೆಯದು ಎಂದರು. ಬಹುಪಾಲು ಜನ ಒತ್ತಲೇ ಇಲ್ಲ. ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಅಷ್ಟೇ ಸದ್ದು. ಆದರೂ ಸದ್ದು ಮುಗಿದ ಮೇಲೆ ಕೊಟ್ಟ ಕೆಲಸದಲ್ಲಿ ಬಟನ್ ಇದ್ದವರು ಕಡಿಮೆ ತಪ್ಪು ಮಾಡಿದರು, ಬಿಡಿಸಲಾಗದ ಒಗಟುಗಳ ಜೊತೆ ಹೆಚ್ಚು ಹೊತ್ತು ಗುದ್ದಾಡಿದರು.

ದಣಿಸುವುದು ತೊಂದರೆಯೊಂದೇ ಅಲ್ಲ, ‘ಇದಕ್ಕೆ ನಾನೇನೂ ಮಾಡಲಾರೆ’ ಎಂಬ ಅನಿಸಿಕೆಯೂ. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಇದನ್ನೇ ಬೇರೆ ಬಗೆಯಲ್ಲಿ ನೋಡಿದರು. ಒಂದು ಮಹಡಿಯ ಹಿರಿಯರಿಗೆ, ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ತೀರ್ಮಾನಿಸಿ ಎಂದು ಹೇಳಿ, ಒಂದು ಗಿಡ ಆರಿಸಿಕೊಂಡು ತಾವೇ ನೋಡಿಕೊಳ್ಳಲು ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ಸಿಬ್ಬಂದಿಯ ಕೆಲಸ ಎಂದರು. ಕೆಲವು ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದ ಇದ್ದರು. ರೀಲ್ಸಿನ ಮನಿಪ್ಲಾಂಟ್ ಸಲಹೆಯಲ್ಲಿ ತಿರುಳಿರುವುದು ಇಲ್ಲಿ: ಗಿಡದ ಹಸಿರಿನಷ್ಟೇ, ಅದನ್ನು ಎಲ್ಲಿಡಬೇಕೆಂದು ನಾವು ತೀರ್ಮಾನಿಸಿದೆವು ಎಂಬುದೂ ಮುಖ್ಯ.

ಹಸಿರಿಗೂ ತನ್ನದೇ ಬಲವಿದೆ, ಅದನ್ನು ಕಡೆಗಣಿಸುವಂತಿಲ್ಲ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ, ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಯಾಚೆ ಮರಗಳು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಪ್ರಬಲ ನೋವುನಿವಾರಕವೂ ಮರ ಕಂಡವರಿಗೆ ಕಡಿಮೆ ಸಾಕಾಯಿತು. ನಮ್ಮ ಅಡುಗೆಮನೆಯ ಕಿಟಕಿಯಾಚೆಯ ಗೋಡೆಯನ್ನು ಸರಿಸಲಾಗದು. ಆದರೆ ಊಟದ ಮೇಜನ್ನೋ ಓದುವ ಕುರ್ಚಿಯನ್ನೋ ಬೀದಿಯ ಹೊಂಗೆ ಮರ ಕಾಣುವ ಕಿಟಕಿಯ ಕಡೆ ತಿರುಗಿಸಬಹುದು. ಟಿವಿ ಎಲ್ಲಿದೆಯೋ ಅದರ ಸುತ್ತ ಮನೆ ಜೋಡಿಸುವ ನಮ್ಮ ರೂಢಿಯನ್ನು ಒಮ್ಮೆ ಪ್ರಶ್ನಿಸಿದರೂ ಸಾಕು.

ಬಾಡಿಗೆ ಮನೆಯಲ್ಲಿ ಬಟನ್‌ಗಳು ಕಡಿಮೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಣ್ಣ ಬದಲಿಸುವಂತಿಲ್ಲ, ಕೆಲವು ಕಡೆ ಮಾಂಸ ಬೇಯಿಸುವಂತಿಲ್ಲ. ಹಾಗಾಗಿ ಇರುವ ಬಟನ್‌ಗಳಿಗೆ ಬೆಲೆ ಹೆಚ್ಚು. ಪರದೆ, ಹಳದಿ ಬೆಳಕಿನ ಬಲ್ಬು, ಕಿವಿಗೆ ಇಪ್ಪತ್ತು ರೂಪಾಯಿಯ ಫೋಮ್ ಬಿರಡೆ, ಮಾಲೀಕರ ಒಪ್ಪಿಗೆ ಪಡೆದು ತಾರಸಿಗೆ ಬಿಳಿ ಸುಣ್ಣದ ಒಂದು ಲೇಪ. ಕೊನೆಯದು ಮೇಲ್ಮಹಡಿಯವರಿಗೆ ನಿಜಕ್ಕೂ ಉಪಕಾರಿ. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಒಳಗಿನ ಸೆಕೆ ಗೊತ್ತಾಗುವಷ್ಟು ಇಳಿಯುತ್ತದೆ.

ನೋಟ ಬದಲಿಸುವುದು ಔಷಧವೂ ಹೌದು, ಅಡ್ಡಪರಿಣಾಮವೂ ಇದೆ

‘ನೋಡುವ ಕಣ್ಣು ಬದಲಿಸು’ ಎಂಬುದು ಬರೀ ಮಾತಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ದಶಕಗಳಿಂದ ಅಧ್ಯಯನ ಮಾಡುತ್ತಿರುವ ವಿಷಯವೇ ಇದು: ಒಂದು ಸನ್ನಿವೇಶಕ್ಕೆ ಬೇರೆ ಅರ್ಥ ಕೊಟ್ಟರೆ ಭಾವನೆ ಬದಲಾಗುತ್ತದೆ. ಕೋಪವನ್ನು ನುಂಗಿಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ನುಂಗಿಕೊಂಡಾಗ ಮುಖ ಶಾಂತ, ಒಳಗೆ ಕುದಿತ ಹಾಗೆಯೇ. ಅರ್ಥ ಬದಲಾದಾಗ ಕುದಿತವೇ ತಗ್ಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯನ್ನು ಶಿಕ್ಷೆ ಎಂದುಕೊಳ್ಳಬಹುದು, ಸಂಜೆಯ ಗಾಳಿಗೂ ಸೊಳ್ಳೆಯಿಲ್ಲದ ರಾತ್ರಿಗೂ ಕೊಟ್ಟ ಬೆಲೆ ಎಂದೂ ಅಂದುಕೊಳ್ಳಬಹುದು. ಎರಡೂ ನಿಜವೇ. ಸುಳ್ಳು ಹೇಳಿಕೊಳ್ಳುತ್ತಿಲ್ಲವಾದ್ದರಿಂದಲೇ ಎರಡನೆಯದು ನಿಲ್ಲುತ್ತದೆ. ಸೋರುವ ಮನೆಯನ್ನು ಅರಮನೆ ಎಂದುಕೊಂಡರೆ ಮೊದಲ ಮಳೆಗೇ ಆ ಪಾಸಿಟಿವ್ ಚಿಂತನೆ ತೊಯ್ದುಹೋಗುತ್ತದೆ.

ಈ ಔಷಧ ಯಾವಾಗ ಕೊಡಬೇಕು, ಯಾವಾಗ ಕೊಡಬಾರದು? ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ 2013ರ ಒಂದು ಅಧ್ಯಯನದಲ್ಲಿದೆ. ಆಲಿಸನ್ ಟ್ರಾಯ್, ಅಮಾಂಡಾ ಶಾಲ್‌ಕ್ರಾಸ್ ಮತ್ತು ಐರಿಸ್ ಮಾಸ್ ಅವರು ಇತ್ತೀಚೆಗೆ ಕಷ್ಟಕ್ಕೆ ಸಿಲುಕಿದ್ದ ಜನರನ್ನು ತೆಗೆದುಕೊಂಡು, ನೋಟ ಬದಲಿಸುವ ಸಾಮರ್ಥ್ಯ ಯಾರಿಗೆಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆದರು. ಕಷ್ಟ ಕೈಮೀರಿದ್ದಾಗಿದ್ದವರಲ್ಲಿ, ಆ ಸಾಮರ್ಥ್ಯ ಹೆಚ್ಚಿದ್ದಷ್ಟೂ ಖಿನ್ನತೆ ಕಡಿಮೆ. ಕಷ್ಟ ತಮ್ಮ ಕೈಯಲ್ಲಿ ಸರಿಪಡಿಸಬಹುದಾದದ್ದಾಗಿದ್ದವರಲ್ಲಿ ಫಲಿತಾಂಶ ತಿರುವುಮುರುವು: ಸಾಮರ್ಥ್ಯ ಹೆಚ್ಚಿದ್ದಷ್ಟೂ ಖಿನ್ನತೆ ಹೆಚ್ಚು. ಬೇಸರ ಮತ್ತು ಸಿಟ್ಟು ನಮ್ಮನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಒತ್ತಡಗಳೂ ಹೌದು. ಸರಿಪಡಿಸಬಹುದಾದ ಜಾಗದಲ್ಲಿ ಅವನ್ನು ಸಮಾಧಾನ ಮಾಡಿ ಮಲಗಿಸಿದರೆ ಸಮಸ್ಯೆ ಹಾಗೆಯೇ ಕುಳಿತಿರುತ್ತದೆ.

ಹಾಗಾಗಿ ಮನೆಯ ದೂರುಗಳನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು. ‘ಈ ಮನೆಯೇ ಸರಿಯಿಲ್ಲ’ ಎಂಬ ಗಂಟನ್ನು ಬಿಚ್ಚಿದರೆ ಒಳಗೆ ಬೇರೆ ಬೇರೆ ಜಾತಿಯ ದೂರುಗಳಿರುತ್ತವೆ. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುವುದು ಒಂದು ಫೋನ್ ಕರೆಯ ವಿಷಯ. ಅದರ ಬಗ್ಗೆ ಸಕಾರಾತ್ಮಕವಾಗಿ ಯೋಚಿಸುತ್ತಾ ಕೂರುವುದು ಸೋಮಾರಿತನದ ಇನ್ನೊಂದು ಹೆಸರು. ಪಕ್ಕದ ಗೋಡೆ ಕೈಮೀರಿದ್ದು. ಅಲ್ಲಿ ನೋಟ ಬದಲಿಸುವುದೇ ಜಾಣತನ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರದ ಎಷ್ಟೋ ಕಡೆ ಜನ ಟ್ಯಾಂಕರಿಗಾಗಿ ಕಾಯುತ್ತಿದ್ದಾಗ ಎರಡೂ ಬೇಕಾಗಿತ್ತು. ಮಳೆ ಬರಿಸುವುದು ಯಾರ ಕೈಲೂ ಇರಲಿಲ್ಲ, ಆದರೆ ಟ್ಯಾಂಕರ್ ದರದ ಬಗ್ಗೆ ದನಿಯೆತ್ತುವುದು, ನಲ್ಲಿಗೆ ನೀರು ಉಳಿಸುವ ಏರೇಟರ್ ಹಾಕಿಸುವುದು, ಮಳೆಕೊಯ್ಲಿಗಾಗಿ ಮಾಲೀಕರ ಬೆನ್ನು ಹತ್ತುವುದು ಇದ್ದವು.

ಹೊಂದಿಕೊಳ್ಳುವ ಸರದಿ ಯಾವಾಗಲೂ ಯಾರದು?

ಇಲ್ಲೊಂದು ಅಹಿತಕರ ಪ್ರಶ್ನೆ ಉಳಿಯುತ್ತದೆ. ದೀರ್ಘಕಾಲ ಕೊರತೆಯಲ್ಲಿ ಬದುಕಿದವರು ತಮ್ಮ ಆಸೆಗಳನ್ನೇ ಕತ್ತರಿಸಿಕೊಂಡು ‘ನಾನು ಚೆನ್ನಾಗಿದ್ದೇನೆ’ ಎನ್ನಲು ಕಲಿಯುತ್ತಾರೆ, ಆ ಮಾತನ್ನು ನಂಬಿ ಅವರಿಗೆ ಏನೂ ಬೇಕಿಲ್ಲ ಎಂದು ತೀರ್ಮಾನಿಸಬಾರದು ಎಂದು ಅಮರ್ತ್ಯ ಸೇನ್ ಮತ್ತೆ ಮತ್ತೆ ಬರೆದಿದ್ದಾರೆ. ಬಂಗಾಳದ ಬರಗಾಲದ ನಂತರ 1944ರಲ್ಲಿ ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯನ್ನು ಅವರು ಉದಾಹರಿಸುತ್ತಾರೆ. ಆರೋಗ್ಯ ಸರಿಯಿಲ್ಲ ಎಂದು ಹೇಳಿಕೊಂಡವರಲ್ಲಿ ವಿಧುರರೇ ಬಹಳ, ವಿಧವೆಯರು ತೀರಾ ಕಡಿಮೆ. ವಿಧವೆಯರು ಗಟ್ಟಿಮುಟ್ಟಾಗಿದ್ದರು ಎಂದು ಇದರ ಅರ್ಥವಲ್ಲ. ದೂರು ಹೇಳುವುದು ತಮಗೆ ಸಲ್ಲದ ಸಂಗತಿ ಎಂದು ಅವರಿಗೆ ರೂಢಿಯಾಗಿತ್ತು.

ನಮ್ಮ ಮನೆಗಳಲ್ಲೂ ‘ಹೊಂದಿಕೊಂಡು ಹೋಗು’ ಎಂಬ ಮಾತು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಗಾಳಿಯಾಡದ ಅಡುಗೆಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ನಿಲ್ಲುವವರು ಯಾರು? ಮನೆ ಆರಿಸುವಾಗ ಹಾಲ್‌ನಲ್ಲಿ ಸೋಫಾ ಹಿಡಿಯುತ್ತದೆಯೇ ಎಂದು ಅಳೆದವರು ಯಾರು? 2011ರ ಜನಗಣತಿಯಂತೆ ಭಾರತದ ಸುಮಾರು 37% ಕುಟುಂಬಗಳಿಗೆ ಇದ್ದದ್ದು ಒಂದೇ ಕೋಣೆ. ಆ ಕೋಣೆಯಲ್ಲಿ ತನ್ನದೆಂಬ ಮೂಲೆ ಮೊದಲು ಕಳೆದುಕೊಳ್ಳುವವರು ಸೊಸೆ, ಓದುವ ಹುಡುಗಿ, ಹಾಸಿಗೆ ಹಿಡಿದ ಅಜ್ಜಿ. ತೃಪ್ತಿಯನ್ನು ತಾನೇ ಆರಿಸಿಕೊಂಡರೆ ಅದು ಗುಣ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸದವರು ಅಲ್ಲಿ ಬೇಯುವವರಿಗೆ ತೃಪ್ತಿಯ ಪಾಠ ಹೇಳಿದರೆ ಅದು ಜಿಪುಣತನ.

ಹಾಗಾದರೆ ಮಾಡುವುದೇನು

ಕೈಮೀರಿದ ಸಂಗತಿಗಳ ಜೊತೆ ಬದುಕಲು ಕೆಲವು ಉಪಾಯಗಳಿವೆ. ಇದ್ದದ್ದನ್ನು ಎಣಿಸುವುದಕ್ಕಿಂತ ಇಲ್ಲವಾಗಿಸಿ ನೋಡುವುದು ಹೆಚ್ಚು ಕೆಲಸ ಮಾಡುತ್ತದೆ. ಮಿನ್‌ಕ್ಯುಂಗ್ ಕೂ ಮತ್ತು ಸಂಗಡಿಗರ 2008ರ ಪ್ರಯೋಗಗಳಲ್ಲಿ, ಬದುಕಿನ ಒಂದು ಒಳ್ಳೆಯ ಘಟನೆ ಹೇಗೆ ನಡೆಯಿತು ಎಂದು ಬರೆದವರಿಗಿಂತ, ಅದು ನಡೆಯದೇ ಹೋಗಬಹುದಿತ್ತು ಹೇಗೆ ಎಂದು ಬರೆದವರ ಮನಸ್ಸು ಹೆಚ್ಚು ಹಗುರಾಯಿತು. ಕೆಳಗಿನ ಮಹಡಿಯ ಆಂಟಿ ಮಗುವನ್ನು ಶಾಲೆಯ ವ್ಯಾನಿನಿಂದ ಇಳಿಸಿಕೊಳ್ಳದ ದಿನ ಹೇಗಿರುತ್ತಿತ್ತು, ನಡೆದು ಹೋಗುವ ದೂರದಲ್ಲಿ ಮೆಟ್ರೊ ಇರದಿದ್ದರೆ ಎಷ್ಟು ಹೊತ್ತಿಗೆ ಏಳಬೇಕಿತ್ತು ಎಂದು ಯೋಚಿಸಿದರೆ, ಮನಸ್ಸು ಮರೆತಿದ್ದ ಒಳ್ಳೆಯದು ಮತ್ತೆ ಕಣ್ಣಿಗೆ ಬೀಳುತ್ತದೆ. ದಿನವೂ ಮಾಡಿದರೆ ಇದೂ ಯಾಂತ್ರಿಕವಾಗುತ್ತದೆ. ಕೃತಜ್ಞತೆಯ ಪಟ್ಟಿಯನ್ನು ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಫಲ ಸಿಕ್ಕಿದ್ದನ್ನು ಸೋನ್ಯಾ ಲ್ಯುಬೊಮಿರ್ಸ್ಕಿ ತೋರಿಸಿದ್ದಾರೆ.

ಹೋಲಿಕೆಯ ಚಟವನ್ನು ಪೂರ್ತಿ ಬಿಡುವುದು ಯಾರಿಂದಲೂ ಆಗದು. ನೆರೆಹೊರೆಯವರ ಆದಾಯ ಹೆಚ್ಚಿದ್ದಷ್ಟೂ ನಮ್ಮ ತೃಪ್ತಿ ಇಳಿಯುತ್ತದೆ ಎಂದು ಎರ್ಜೊ ಲಟ್ಮರ್ 2005ರಲ್ಲಿ ಅಮೆರಿಕದ ಮಾಹಿತಿಯಿಂದ ತೋರಿಸಿದರು. ಬಾಡಿಗೆ ಆ್ಯಪ್‌ಗಳನ್ನು ಮನೆ ಹುಡುಕದಿರುವಾಗಲೂ ರಾತ್ರಿ ಮಲಗುವ ಮುನ್ನ ತೆರೆದು ನೋಡುವ ಅಭ್ಯಾಸವನ್ನಾದರೂ ಬಿಡಬಹುದು.

ಬಿಟ್ಟುಹೋಗುವುದೂ ಒಂದು ಆಯ್ಕೆಯೇ, ಸೋಲಲ್ಲ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಸುಮಾರು 4600 ಬಡ ಕುಟುಂಬಗಳ ನಡುವೆ ಲಾಟರಿ ಎತ್ತಿ, ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ಹತ್ತಕ್ಕೂ ಹೆಚ್ಚು ವರ್ಷಗಳ ನಂತರ ನೋಡಿದಾಗ ದೊಡ್ಡವರ ಆದಾಯ ಏರಿರಲಿಲ್ಲ, ಆದರೆ ಮಾನಸಿಕ ಆರೋಗ್ಯ ಸುಧಾರಿಸಿತ್ತು. ಗುಂಡಿನ ಸದ್ದು ಕೇಳಿಸದ ಬೀದಿಗೆ ಬಂದ ನೆಮ್ಮದಿ ಎಂಟು ತಿಂಗಳಿಗೆ ಕರಗುವಂಥದ್ದಾಗಿರಲಿಲ್ಲ.

ಹೊಸ ಮನೆ ನೋಡಲು ಹೋಗುವುದಾದರೆ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬ್ರೋಕರ್ ಜೊತೆ ಹೋಗಿ ಟೈಲ್ಸ್ ನೋಡಿಕೊಂಡು ಬರಬೇಡಿ. ಟೈಲ್ಸನ್ನು ಆರು ತಿಂಗಳಲ್ಲಿ ಮರೆಯುತ್ತೀರಿ. ರಾತ್ರಿ ಹತ್ತರ ಮೇಲೆ ಒಬ್ಬರೇ ಹೋಗಿ ಬೀದಿಯಲ್ಲಿ ನಿಂತು ಕಿವಿಗೊಡಿ. ಸೋಮವಾರ ಬೆಳಗ್ಗೆ ಅಲ್ಲಿಂದ ಆಫೀಸಿಗೆ ಒಮ್ಮೆ ಹೋಗಿ ನೋಡಿ. ಕಬೋರ್ಡಿನ ಹಿಂಬದಿಯ ಗೋಡೆಗೆ ಅಂಗೈ ಒತ್ತಿ ತೇವ ನೋಡಿ, ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದವರು ಯಾರೋ ಅವರನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸಿ ಅಭಿಪ್ರಾಯ ಕೇಳಿ. ಸಾಧ್ಯವಾದರೆ ಖಾಲಿ ಮಾಡುತ್ತಿರುವ ಬಾಡಿಗೆದಾರರನ್ನು ಮೆಟ್ಟಿಲ ಬಳಿ ಹಿಡಿದು ಮಾತಾಡಿಸಿ. ಅಡ್ವಾನ್ಸ್ ಪೂರ್ತಿ ವಾಪಸ್ ಬಂತೇ ಎಂಬ ಪ್ರಶ್ನೆಗೆ ಅವರು ಉತ್ತರಿಸುವ ಮೊದಲು ಮಾಲೀಕರ ಬಾಗಿಲ ಕಡೆ ನೋಡಿದರೆ, ಇನ್ನೊಂದೆರಡು ಮನೆ ನೋಡಿ ಬನ್ನಿ.